ದೊಡ್ಡಪ್ಪನ ನೀಲಿ ಕಲ್ಲು

ಭಾನುವಾರ ಬೆಳಗ್ಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ಕಿತ್ತು ಹಾಕಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ.

ದೊಡ್ಡಪ್ಪ: (ಫಾರ್ವರ್ಡ್) ಅತ್ಯಂತ ಅಪರೂಪದ ನೀಲಿ ರತ್ನ ಕ್ಯಾವನ್‌ಸೈಟ್!! ಇಡೀ ಪ್ರಪಂಚದಲ್ಲಿ ಪುಣೆಯ ಹತ್ತಿರ ಮಾತ್ರ ಸಿಗುವ ಜಿಯೊಲೈಟ್ ಜಾತಿಯ ಕಲ್ಲು. ನೀಲಮಣಿಯ ಬದಲು ಶನಿಗೆ ಧರಿಸಬಹುದು. ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ: ಒಳ್ಳೆಯ ನೀಲ ಕೊಳ್ಳಬೇಕಾದರೆ ಸೈಟು ಮಾರಬೇಕು. ಇದು ಅಗ್ಗ. ಪುಟ್ಟಿ, ನೀನು ಕಲ್ಲು ಓದಿದವಳು. ಹೇಗೆ ಇದು?

ನಾನು: ದೊಡ್ಡಪ್ಪ, ಕ್ಯಾವನ್‌ಸೈಟ್ ಅನ್ನುವುದು ಇರುವುದು ನಿಜ. ಪುಣೆ ಹತ್ತಿರದ ವಾಘೋಲಿಯಲ್ಲಿ ಸಿಗುವುದೂ ನಿಜ. ಮಿಕ್ಕಿದ್ದನ್ನು ನಂಬಬೇಡಿ. ಜಿಯೊಲೈಟ್ ಅಂದರೆ ಬಲೆಯಂಥ ಚೌಕಟ್ಟಿನೊಳಗೆ ನೀರು ಹಿಡಿದುಕೊಂಡಿರುವ ಖನಿಜಗಳ ಗುಂಪು, ಇದು ಅದಕ್ಕೆ ಸೇರಿದ್ದಲ್ಲ. ಉಂಗುರಕ್ಕಂತೂ ಬೇಡವೇ ಬೇಡ.

ದೊಡ್ಡಪ್ಪ: ಯಾಕೆ? ಬಣ್ಣ ನೋಡು, ನವಿಲಿನ ಕತ್ತಿನ ಹಾಗಿದೆ.

ನಾನು: ಬಣ್ಣ ಒಂದೇ ಇದ್ದರೆ ಆಯ್ತಾ? ನೀಲಮಣಿ ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಮೋಸ್ ಅಳತೆಯಲ್ಲಿ ಅದರ ಗಡಸುತನ 9. ಕ್ಯಾವನ್‌ಸೈಟ್‌ನದು 3ರಿಂದ 4. ನಮ್ಮ ಉಗುರೇ ಸುಮಾರು 2.5 ಇದೆ. ಮನೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ, ಅದು 7. ಪಂಚೆಯ ಅಂಚಿನಿಂದ ಎರಡು ಸಲ ಒರೆಸಿದರೆ ಗೀರು ಬೀಳುತ್ತದೆ.

ಅತ್ತೆ (ಪುಣೆ): ಅಣ್ಣ, ಇದು ನಮ್ಮ ಷೋಕೇಸಿನಲ್ಲೇ ಇದೆ. ನೀನು ಬಂದಾಗೆಲ್ಲ ಟಿವಿ ನೋಡಿಕೊಂಡು ಕೂತಿರ್ತೀಯ, ಕಲ್ಲು ಎಲ್ಲಿ ನೋಡಿದೆ? ಬಿಳಿ ಕಲ್ಲಿನ ಮೇಲೆ ನೀಲಿ ಗುಂಡುಗಳು, ಕದಂಬದ ಹೂವಿನ ಹಾಗೆ ತುಂಬ ಸೂಜಿ ಸೂಜಿ. ದೀಪಾವಳಿಗೆ ಬ್ರಶ್ ಹಾಕಿ ತೊಳೆದೆ. ಒಂದು ಗುಂಡು ಉದುರಿ ಸಿಂಕಿಗೆ ಹೋಯಿತು.

ದೊಡ್ಡಪ್ಪ: ಮೊದಲೇ ಹೇಳಬಾರದಾ? ಆ ಗುಂಡನ್ನೇ ಕಟ್ಟಿಸಬಹುದಿತ್ತು.

ಪೋರ್ಟ್‌ಲ್ಯಾಂಡ್ ಅಕ್ಕ: ಅಪ್ಪ, “ಪುಣೆಯಲ್ಲಿ ಮಾತ್ರ” ಅನ್ನುವುದು ಸುಳ್ಳು. ಈಗ ಹುಡುಕಿದೆ. ಮೊದಲು ಸಿಕ್ಕಿದ್ದೇ ನಮ್ಮ ಆರೆಗನ್‌ನಲ್ಲಿ! ಒಂದು ಜಾಗ ಓವೈಹಿ ಅಣೆಕಟ್ಟಿನ ಹತ್ತಿರ, ಇನ್ನೊಂದು ಗೋಬಲ್. ಗೋಬಲ್ ನಮ್ಮ ಊರಿನಿಂದ ಉತ್ತರಕ್ಕೆ, ಕಾರಿನಲ್ಲಿ ಒಂದು ಗಂಟೆಯೂ ಆಗಲ್ಲ.

ನಾನು: ಹೌದಕ್ಕ. 1973ರಲ್ಲಿ ಸ್ಟೇಪಲ್ಸ್, ಎವನ್ಸ್, ಲಿಂಡ್ಸೆ ಅಂತ ಮೂವರು ಅದನ್ನು ಹೊಸ ಖನಿಜ ಅಂತ ವಿವರಿಸಿದರು. ಹೆಸರನ್ನು ಅದರ ಒಳಗಿನ ಸಾಮಾನಿನಿಂದಲೇ ಕಟ್ಟಿದರು. ಕ್ಯಾಲ್ಸಿಯಂನ ಕ್ಯಾ, ವೆನೇಡಿಯಂನ ವನ್, ಸಿಲಿಕೇಟಿನ ಸಿ. ಆದರೆ ಅಲ್ಲಿ ಸಿಕ್ಕಿದ್ದು ಚೂರುಪಾರು. ಜಗತ್ತಿನ ಷೋಕೇಸುಗಳಲ್ಲಿರುವ ಒಳ್ಳೆಯ ತುಂಡುಗಳು ಹೆಚ್ಚೂಕಮ್ಮಿ ಎಲ್ಲ ವಾಘೋಲಿಯವೇ. ಜಲ್ಲಿಗೆ ಅಂತ ಕಪ್ಪುಕಲ್ಲು ಒಡೆಯುವ ಕ್ವಾರಿಗಳಲ್ಲಿ ಸಿಕ್ಕಿದ್ದು.

ಚಿಕ್ಕಪ್ಪ: ನೀಲಿ ಯಾಕೆ ಅಂತ ಯಾರೂ ಕೇಳಲಿಲ್ಲವಲ್ಲ. ಮೂವತ್ತು ವರ್ಷ ಪಿಯುಸಿಗೆ ಕೆಮಿಸ್ಟ್ರಿ ಪಾಠ ಮಾಡಿದ್ದೇನೆ, ನಾನೇ ಹೇಳ್ತೇನೆ. ವೆನೇಡಿಯಂ ದ್ರಾವಣಕ್ಕೆ ಆಮ್ಲ, ಸತುವಿನ ಪುಡಿ ಹಾಕಿ ಅಲ್ಲಾಡಿಸಿದರೆ ಹಳದಿಯಿಂದ ನೀಲಿ, ಆಮೇಲೆ ಹಸಿರು, ಕೊನೆಗೆ ನೇರಳೆ. ಹಳದಿ ಅಂದರೆ ಪ್ಲಸ್ 5, ಅಂದರೆ ವೆನೇಡಿಯಂ ಐದು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಲೆಕ್ಕ; ನೀಲಿ ಅಂದರೆ ಪ್ಲಸ್ 4. ಈ ಕಲ್ಲಿನಲ್ಲಿರುವುದು ಪ್ಲಸ್ 4.

ನಾನು: ಚಿಕ್ಕಪ್ಪ, ಸರಿಯಾಗಿ ಹೇಳಿದಿರಿ. ನೀಲಮಣಿಯ ನೀಲಿ ಬರುವುದು ಚೂರೇ ಚೂರು ಕಬ್ಬಿಣ, ಟೈಟೇನಿಯಂನಿಂದ. ಇಲ್ಲಿ ವೆನೇಡಿಯಂ ಕಲಬೆರಕೆ ಅಲ್ಲ, ಮನೆಯ ಯಜಮಾನ. ತೂಕದಲ್ಲಿ ಶೇಕಡಾ 11ರಷ್ಟು ಅದೇ.

ಚಿಕ್ಕಪ್ಪ: ಆದರೆ ಜಿಯೊಲೈಟ್ ಅಲ್ಲ ಅಂತ ನೀನು ಹೇಳುವುದನ್ನು ಒಪ್ಪಲ್ಲ. ಸೂತ್ರದಲ್ಲಿ ನಾಲ್ಕು ನೀರಿವೆ. ಕಾಯಿಸಿದರೆ ನೀರು ಹಂತ ಹಂತವಾಗಿ ಹೋಗುತ್ತದೆ. ಒಳಗೆ ಕೊಳವೆಯಂಥ ಜಾಗ ಇದೆ, ಅಲ್ಲಿ ಕ್ಯಾಲ್ಸಿಯಂ ಕೂತಿದೆ. ಜೊತೆಗೆ ಸಿಗುವುದು ಸ್ಟಿಲ್ಬೈಟ್, ಹ್ಯೂಲಂಡೈಟ್. ಎರಡೂ ಜಿಯೊಲೈಟೇ. ಇನ್ನೇನು ಬೇಕು?

ನಾನು: ಪಕ್ಕದ ಮನೆಯಲ್ಲಿ ಇದ್ದ ಮಾತ್ರಕ್ಕೆ ನೆಂಟರಾಗುತ್ತಾರಾ? ಅತ್ತೆ ಮನೆಯ ಬಿಳಿ ಕಲ್ಲು ಸ್ಟಿಲ್ಬೈಟ್ ಇರಬಹುದು. ಅದು ಜಿಯೊಲೈಟ್. ಅದರ ಮೇಲೆ ಬೆಳೆದದ್ದು ಬೇರೆ ಕುಲ. ನೀವು ಸೂತ್ರ ತೆಗೆದಿದ್ದು ಒಳ್ಳೆಯದಾಯಿತು. 4 ಸಿಲಿಕಾನ್‌ಗೆ 10 ಆಮ್ಲಜನಕ, ಅಲ್ವಾ? ಜಿಯೊಲೈಟ್ ಚೌಕಟ್ಟಿನಲ್ಲಿ ಒಂದಕ್ಕೆ ಎರಡರ ಲೆಕ್ಕ. ಒಂದೊಂದು ಸಿಲಿಕಾನ್ ಸುತ್ತ ನಾಲ್ಕು ಆಮ್ಲಜನಕ ನಾಲ್ಕು ಮೂಲೆಗಳ ಹಾಗೆ ಕೂತಿರುತ್ತವೆ, ಪ್ರತಿ ಮೂಲೆಯೂ ಪಕ್ಕದ ಘಟಕಕ್ಕೆ ಅಂಟಿ ನಾಲ್ಕೂ ಕಡೆ ಬಲೆಯಾಗಿರುತ್ತದೆ. 4ಕ್ಕೆ 10 ಅಂದರೆ ಬಲೆಯಲ್ಲ, ಚಾಪೆಯಂಥ ಪದರ. ಹಾಗಾಗಿ ಇದನ್ನು ಪದರ ಸಿಲಿಕೇಟುಗಳ ಜೊತೆ, ಅಂದರೆ ಅಭ್ರಕ ಇರುವ ದೊಡ್ಡ ಗುಂಪಿನಲ್ಲಿ ಇಡುತ್ತಾರೆ.

ಚಿಕ್ಕಪ್ಪ: ಅಭ್ರಕವಾ! ಅಭ್ರಕವನ್ನು ಉಗುರಿನಲ್ಲಿ ಹಾಳೆ ಹಾಳೆಯಾಗಿ ಬಿಡಿಸಬಹುದು. ಇದನ್ನು ಬಿಡಿಸು ನೋಡೋಣ. ಎರಡು ಚಾಪೆಗಳ ನಡುವೆ ವೆನೇಡಿಯಂ ಹೊಲಿಗೆ ಹಾಕಿದೆ. ಹೊಲಿದ ಮೇಲೆ ಅದು ಚಾಪೆ ಅಲ್ಲ, ಚೀಲ.

ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಕಾಫಿ ಕುಡಿದು ಬಂದೆ.

ನಾನು: ಹೊಲಿಗೆ ನಿಜ ಚಿಕ್ಕಪ್ಪ. ಆದರೆ ವೆನೇಡಿಯಂ ಹಿಡಿದಿರುವುದು ನಾಲ್ಕು ಆಮ್ಲಜನಕವನ್ನಲ್ಲ, ಐದನ್ನು. ಚೌಕ ತಳದ ಪಿರಮಿಡ್ಡು. 1997ರಲ್ಲಿ ಅಂತರರಾಷ್ಟ್ರೀಯ ಖನಿಜ ಸಂಘದ ಸಮಿತಿ ಜಿಯೊಲೈಟಿಗೆ ಹೊಸ ವ್ಯಾಖ್ಯಾನ ಕೊಟ್ಟಿತು. ಚೌಕಟ್ಟು ನಾಲ್ಕು ಮೂಲೆಯ ಘಟಕಗಳಿಂದಲೇ ಆಗಿರಬೇಕು ಅಂತ.

ಚಿಕ್ಕಪ್ಪ: ವ್ಯಾಖ್ಯಾನ ಬರೆದವರೂ ಮನುಷ್ಯರೇ. ಗುಣ ನೋಡಿದರೆ ಜಿಯೊಲೈಟಿನ ತಮ್ಮ ಅನ್ನಬಹುದು.

ನಾನು: ದೂರದ ದಾಯಾದಿ ಅನ್ನಿ, ಒಪ್ಪುತ್ತೇನೆ.

ಪೋರ್ಟ್‌ಲ್ಯಾಂಡ್ ಅಕ್ಕ: ಇಲ್ಲಿ ಪೆಂಟಗೊನೈಟ್ ಅಂತ ಇನ್ನೊಂದು ಹೆಸರೂ ಬರ್ತಾ ಇದೆ. ಅದೇನು?

ನಾನು: ಅದೂ ಅದೇ ಸೂತ್ರ. ಜೋಡಣೆ ಬೇರೆ. ಕ್ಯಾವನ್‌ಸೈಟ್‌ನ ಚಾಪೆಯಲ್ಲಿ ಸಿಲಿಕಾನ್ ಘಟಕಗಳು ಸೇರಿ ನಾಲ್ಕರ, ಎಂಟರ ಉಂಗುರಗಳು. ಪೆಂಟಗೊನೈಟ್‌ನಲ್ಲಿ ಆರರ ಉಂಗುರಗಳು. ಅದರ ಹರಳುಗಳು ಐದೈದು ಅವಳಿಯಾಗಿ ಬೆಳೆದು ತುದಿಯಿಂದ ನೋಡಿದರೆ ನಕ್ಷತ್ರದ ಹಾಗೆ ಕಾಣುತ್ತವೆ. ಹೆಸರು ಬಂದಿದ್ದು ಅದರಿಂದಲೇ. ಒಂದೇ ಹಿಟ್ಟಿನಿಂದ ಇಡ್ಲಿ, ದೋಸೆ ಎರಡೂ ಮಾಡಿದ ಹಾಗೆ.

ಚಿಕ್ಕಮ್ಮ: ಒಂದೇ ಹಿಟ್ಟಾ? ಯಾರು ಹೇಳಿದ್ದು ನಿನಗೆ? ಇಡ್ಲಿಗೆ ರವೆ, ದೋಸೆಗೆ ಅಕ್ಕಿ, ಮೇಲೆ ಒಂದು ಚಮಚ ಮೆಂತ್ಯ. ಎಂಎಸ್ಸಿ ಮಾಡಿದ ಹುಡುಗಿ ಹೀಗೆಲ್ಲ ಮಾತಾಡಬಾರದು.

ಚಿಕ್ಕಪ್ಪ: ನಮ್ಮ ಮನೆಯಲ್ಲಿ ಮೂರನೇ ದಿನ ಇಡ್ಲಿ ಹಿಟ್ಟೇ ದೋಸೆ ಆಗುತ್ತದೆ.

ಚಿಕ್ಕಮ್ಮ: ತಿನ್ನುವಾಗ ಬಾಯಿ ಮುಚ್ಚಿಕೊಂಡು ತಿಂದವರು ಗುಂಪಿನಲ್ಲಿ ಯಾಕೆ ಹೇಳಬೇಕು?

ನಾನು: ವಜ್ರ, ಪೆನ್ಸಿಲಿನ ಸೀಸ ಎರಡೂ ಇಂಗಾಲವೇ. ಆ ಉದಾಹರಣೆ ಇಟ್ಟುಕೊಳ್ಳೋಣ.

ಅತ್ತೆ (ಪುಣೆ): ಹಾಗಾದರೆ ನನ್ನ ಹತ್ತಿರ ಇರುವುದು ಯಾವುದು?

ಅತ್ತೆ ಮೂರು ಫೋಟೊ ಹಾಕಿದರು. ಮೂರರಲ್ಲೂ ಷೋಕೇಸಿನ ಗಾಜು, ಅದರಲ್ಲಿ ಅತ್ತೆಯ ಮುಖ. ಕಲ್ಲು ಹಿಂದೆಲ್ಲೋ ಮಸುಕಾಗಿತ್ತು.

ನಾನು: ಗುಂಡು ಗುಂಡಾಗಿದ್ದರೆ ಸಾಮಾನ್ಯವಾಗಿ ಕ್ಯಾವನ್‌ಸೈಟ್, ಅತ್ತೆ. ನಕ್ಷತ್ರ ಹುಡುಕಬೇಕಾದರೆ ಭೂತಗನ್ನಡಿ ಬೇಕು. ಇನ್ನು ಮುಂದೆ ಬ್ರಶ್ ಹಾಕಬೇಡಿ, ಸುಮ್ನೆ ಊದಿ ಧೂಳು ಹಾರಿಸಿ.

ದೊಡ್ಡಪ್ಪ: ಪುಣೆಯ ಕಪ್ಪುಕಲ್ಲು ಅಂದರೆ ಡೆಕ್ಕನ್ ಟ್ರ್ಯಾಪ್ ತಾನೇ? ನಾನು ಬಿಜಾಪುರದಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲೂ ಅದೇ ಕಲ್ಲು. ಅಲ್ಲಿ ಸಿಗಲ್ವಾ?

ನಾನು: ಲಾವಾ ಅದೇ ದೊಡ್ಡಪ್ಪ, ಸುಮಾರು 6.6 ಕೋಟಿ ವರ್ಷದ್ದು. ಬೀದರ್, ಬೆಳಗಾವಿ ಕಡೆಗೂ ಇದೆ. ಆದರೆ ಕಲ್ಲಿನ ಪೊಟರೆಗಳಲ್ಲಿ ಹರಿದ ಬಿಸಿನೀರಿನಲ್ಲಿ ವೆನೇಡಿಯಂ ಸಾಕಷ್ಟು ಇರಬೇಕು, ಅದು ಪ್ಲಸ್ 4ರಲ್ಲೇ ನಿಲ್ಲಬೇಕು. ಹಾಗೆ ಕೂಡಿಬರುವುದು ಬಲು ಅಪರೂಪ. ನಮ್ಮಲ್ಲಿ ವೆನೇಡಿಯಂ ಬೇಕಾದರೆ ಚನ್ನಗಿರಿ ಕಡೆಯ ಮಸಣಿಕೆರೆಗೆ ಹೋಗಬೇಕು. ಅಲ್ಲಿ ಅದು ಮ್ಯಾಗ್ನೆಟೈಟ್ ಅದಿರಿನೊಳಗೆ, ಕಬ್ಬಿಣದ ಜಾಗದಲ್ಲಿ ಕೂತಿದೆ. ಕಪ್ಪಗೆ ಭಾರವಾಗಿರುತ್ತದೆ.

ದೊಡ್ಡಪ್ಪ: ಕಪ್ಪಾದರೂ ಪರವಾಗಿಲ್ಲ. ಶನಿಗೆ ಕಪ್ಪೂ ಆಗುತ್ತದೆ.

ಚಿಕ್ಕಪ್ಪ: ಅಣ್ಣ, ಜಾತಕಕ್ಕೆ ಉತ್ತರ ಕೆಮಿಸ್ಟ್ರಿಯಲ್ಲಿ ಸಿಗಲ್ಲ, ಬಿಡು.

ದೊಡ್ಡಪ್ಪ: ಅದು ಗೊತ್ತಿದೆ. ತೊಂದರೆ ಬೇರೆ. ಫಾರ್ವರ್ಡ್‌ನಲ್ಲಿ ನಂಬರ್ ಇತ್ತು. ಮೊನ್ನೆಯೇ ಕಲ್ಲು ತರಿಸಿದೆ. ಅಕ್ಕಸಾಲಿಗನಿಗೆ ಉಂಗುರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ. ಅವನು ವಾಪಸ್ ಕೊಡಲ್ಲ ಅಂತಾನೆ.

ಪೋರ್ಟ್‌ಲ್ಯಾಂಡ್ ಅಕ್ಕ: ಅಪ್ಪಾ!

ನಾನು: ದೊಡ್ಡಪ್ಪ, ಅವನಿಗೆ ಈಗಲೇ ಫೋನ್ ಮಾಡಿ. ಕೂರಿಸುವಾಗ ಒತ್ತಿದರೆ ಸೂಜಿಗಳೆಲ್ಲ ಪುಡಿಯಾಗುತ್ತವೆ. ಕಲ್ಲನ್ನಾದರೂ ಉಳಿಸಿಕೊಳ್ಳೋಣ, ಡಬ್ಬಿಯಲ್ಲಿಟ್ಟರೆ ಚೆನ್ನಾಗಿಯೇ ಇರುತ್ತದೆ.

ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ, ಗುಂಪು ಶುರುವಾದಾಗಿನಿಂದ ಹಬ್ಬಕ್ಕೆ ಬಿಟ್ಟರೆ ಮಾತಾಡದ ದೊಡ್ಡಮ್ಮ ಟೈಪ್ ಮಾಡತೊಡಗಿದರು.

ದೊಡ್ಡಮ್ಮ: ಯಾವ ಅಡ್ವಾನ್ಸು?