ಆಫೀಸ್‌ನಲ್ಲಿ ಫೈಟರ್ ಸಿಮ್ಯುಲೇಟರ್ ಹಾರಿಸೋ ಚಾನ್ಸ್: ಇಳಿಸೋದು ಹೇಗೆ?

ಟೆಸ್ಟಿಂಗ್_ಹುಡುಗ:
ಹಳೇ ಏರ್‌ಪೋರ್ಟ್ ರಸ್ತೆ ಕಡೆ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ನನ್ನದು. ಕೆಳಗಿನ ಮಹಡಿಯಲ್ಲಿ ತೇಜಸ್ ಥರದ ಸಿಮ್ಯುಲೇಟರ್ ಇದೆ. ಶುಕ್ರವಾರ ಊಟ ಆದ ಮೇಲೆ ನಮ್ಮ ಟೀಮಿಗೂ ಸ್ವಲ್ಪ ಹೊತ್ತು ಬಿಡ್ತಾರಂತೆ. ಕಾಕ್‌ಪಿಟ್ ಅಲ್ಲಾಡಲ್ಲ, ಮುಂದೆ ದೊಡ್ಡ ಪರದೆ ಅಷ್ಟೇ. ಹೋದ ವಾರ ಪಕ್ಕದ ಟೀಮಿನವರು ಕೂತಿದ್ದರು. ಮೇಲೆ ಹಾರಿಸೋದೇನೋ ಎಲ್ಲರೂ ಹಾರಿಸಿದರು, ಎಚ್‌ಎಎಲ್ ರನ್‌ವೇಗೆ ಇಳಿಸೋಕೆ ಹೋಗಿ ಮೂತಿ ಮೇಲೆ ಕೆಳಗೆ ಮಾಡಿಕೊಂಡು ಒಬ್ಬೊಬ್ಬರೇ ಮಾರತಹಳ್ಳಿ ಮೇಲೆ ಬಿದ್ದರು. ಒಬ್ಬರಿಗಂತೂ ವಾಂತಿ ಬರೋ ಹಾಗಾಯ್ತು. ನಿಂತಲ್ಲೇ ಇರೋ ಡಬ್ಬದಲ್ಲಿ ಅದು ಹೇಗೆ?

ಡೆಲ್ಟಾ_ರೆಕ್ಕೆ:
ಸ್ಟಿಕ್ಕನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಬೆರಳಲ್ಲಿ ಹಿಡಿಯಿರಿ. ಎಲ್ಲರೂ ಬೀಳೋದು ಅಲ್ಲೇ. ಎಳೆದ ತಕ್ಷಣ ವಿಮಾನದ ದಾರಿ ಬದಲಾಗಲ್ಲ, ಒಂದು ಕ್ಷಣ ತಡ ಆಗುತ್ತದೆ, ಅಷ್ಟರಲ್ಲಿ ನಾವು ಇನ್ನೂ ಎಳೆದಿರುತ್ತೇವೆ, ಅದು ಜಾಸ್ತಿ ಆಯ್ತು ಅಂತ ತಳ್ಳುತ್ತೇವೆ, ಆಮೇಲೆ ಮೂತಿ ಕುಣಿಯೋಕೆ ಶುರು. ಚೂರು ಎಳೆದು ಕಾಯಿರಿ. ತೇಜಸ್ಸಿನಲ್ಲಿ ಸ್ಟಿಕ್‌ಗೂ ರೆಕ್ಕೆಗೂ ನಡುವೆ ಕಂಪ್ಯೂಟರ್ ಇದೆ, ವಿಮಾನವನ್ನು ಸ್ಥಿರವಾಗಿ ಇಡೋ ಕೆಲಸ ಅದರದ್ದು. ಅದರ ಜೊತೆ ಗುದ್ದಾಡಬೇಡಿ.

ಇಳಿಯುವಾಗ ಮುಂದಿನ ಗಾಜಿನ ಮೇಲೆ ಹಸಿರು ಬಣ್ಣದ ಪುಟ್ಟ ಸುತ್ತು ಹುಡುಕಿ. ಎರಡು ಕಡೆ ರೆಕ್ಕೆ, ಮೇಲೊಂದು ಗೀಟು ಇರುತ್ತದೆ. ಮೂತಿ ಎತ್ತ ನೋಡ್ತಿದೆ ಅಂತಲ್ಲ, ವಿಮಾನ ನಿಜವಾಗಿ ಎತ್ತ ಹೋಗ್ತಿದೆ ಅಂತ ಅದು ತೋರಿಸುತ್ತದೆ. ಡೆಲ್ಟಾ ರೆಕ್ಕೆಯ, ಅಂದರೆ ತ್ರಿಕೋನ ರೆಕ್ಕೆಯ ವಿಮಾನ ಮೂತಿ ಎತ್ತಿಕೊಂಡೇ ಇಳಿಯೋದು, ಅದಕ್ಕೇ ಮೂತಿ ನಂಬಿದವರು ಕೆಟ್ಟರು. ಆ ಸುತ್ತನ್ನು ರನ್‌ವೇ ಶುರುವಾಗೋ ಕಡೆ ಕೂರಿಸಿ. ಎಚ್‌ಎಎಲ್ ರನ್‌ವೇ 3 ಕಿಲೋಮೀಟರಿಗಿಂತ ಉದ್ದ ಇದೆ, ಸ್ವಲ್ಪ ಮುಂದೆ ಹೋಗಿ ಮುಟ್ಟಿದರೂ ಪರವಾಗಿಲ್ಲ. ಮೊದಲು ಗೇರ್, ಅಂದರೆ ಚಕ್ರ ಇಳಿಸಿ ಮಾರಾಯ್ರೆ, ಅದನ್ನೇ ಮರೀತಾರೆ ಜನ.

ವಿಮಾನಪುರ_ವಾಸಿ:
ವಾಂತಿ ವಿಷಯಕ್ಕೆ: ಕಣ್ಣು ತಿರುಗ್ತಿದ್ದೀನಿ ಅನ್ನುತ್ತದೆ, ಒಳಕಿವಿ ಇಲ್ಲ ಸುಮ್ನೆ ಕೂತಿದ್ದೀಯ ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಊಟ ಕಮ್ಮಿ ಮಾಡಿ, ಮಜಾಕ್ಕೆ ಪಲ್ಟಿ ಹೊಡೆಸಬೇಡಿ. ತಲೆ ಸುತ್ತಿದರೆ ಕಣ್ಣು ಮುಚ್ಚಿ, ಆಟ ನಿಲ್ಲಿಸಿ.
ನಿಜವಾದ ಫೈಟರ್‌ನಲ್ಲಿ ಕಷ್ಟವೇ ಬೇರೆ. 8 ಜಿ, ಅಂದರೆ ಭೂಮಿಯ ಸೆಳೆತದ ಎಂಟರಷ್ಟು ಒತ್ತುವ ತಿರುವಿನಲ್ಲಿ 70 ಕಿಲೋ ಮನುಷ್ಯ 560 ಕಿಲೋ ಆದ ಹಾಗೆ, ತಲೆಯಿಂದ ರಕ್ತ ಕೆಳಗಿಳಿಯುತ್ತದೆ. ಅದನ್ನು ತಡೆಯೋ ತರಬೇತಿಗೆ ನಿಮ್ಮ ರಸ್ತೆಯಲ್ಲೇ ಇರೋ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಗರಗರ ತಿರುಗಿಸೋ ಯಂತ್ರ ಇದೆ. ನಿಮ್ಮ ಡಬ್ಬದಲ್ಲಿ ಅದೇನೂ ಇಲ್ಲ ಬಿಡಿ.

ಆಫ್ಟರ್‌ಬರ್ನರ್_ಗುರು:
ಇಳಿಸೋದು ಆಮೇಲೆ ನೋಡ್ಕೊಳ್ಳಿ ಗುರು! ಸಿಕ್ಕಿರೋದೇ ಸ್ವಲ್ಪ ಹೊತ್ತು, ಥ್ರಾಟಲ್ ಪೂರ್ತಿ ಮುಂದೆ ತಳ್ಳಿ ನೆಟ್ಟಗೆ ಮೇಲಕ್ಕೆ ಹೋಗಿ. ಬಿದ್ದರೆ ರೀಸೆಟ್ ಬಟನ್ ಇದೆಯಲ್ವಾ.

ಟೆಸ್ಟಿಂಗ್_ಹುಡುಗ:
ನಮ್ಮ ಮ್ಯಾನೇಜರ್ ಪಕ್ಕದಲ್ಲೇ ನಿಂತಿರ್ತಾರೆ ಸಾರ್, ನಾನು ಇಳಿಸೋದನ್ನೇ ನೋಡ್ಕೊಳ್ತೀನಿ. ಇನ್ನೊಂದು, ಆ ಗಾಜಿನ ಮೇಲೆ ಬರೋ ವೇಗ ಕಿಲೋಮೀಟರಾ?

ಡೆಲ್ಟಾ_ರೆಕ್ಕೆ:
ಅಲ್ಲ, ನಾಟ್. 1 ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಎತ್ತರ ಅಡಿ ಲೆಕ್ಕದಲ್ಲಿ.