ಫ್ಲಾಟ್‌ಹೆಡ್ ಸಿಕ್ಸ್‌ಗೆ ಸೂಪರ್‌ಚಾರ್ಜರ್: 1949ರ ಪ್ಲಿಮತ್ ಎಂಜಿನ್ ಎಷ್ಟು ಬೂಸ್ಟ್ ತಡೆಯುತ್ತದೆ?

ಪ್ಲಿಮತ್_49:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1949ರ ಪ್ಲಿಮತ್ ಇದೆ. ಎಂಜಿನ್ ಕಾರಿನ ಜೊತೆ ಬಂದದ್ದೇ, 217.8 ಘನ ಇಂಚಿನ ಫ್ಲಾಟ್‌ಹೆಡ್ ಸಿಕ್ಸ್ (ವಾಲ್ವ್‌ಗಳು ಹೆಡ್ಡಿನಲ್ಲಲ್ಲ, ಬ್ಲಾಕ್‌ನಲ್ಲೇ ಇರುವ ಆರು ಸಿಲಿಂಡರ್ ಎಂಜಿನ್). ಕಂಪನಿ ಲೆಕ್ಕದಲ್ಲಿ 97 ಹಾರ್ಸ್‌ಪವರ್, ಕಂಪ್ರೆಷನ್ 7ಕ್ಕೆ 1. ಬೋರ್ ಮಾಡಿಸಿ ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕಿಸಿದ್ದೇನೆ. ಐಡಲ್‌ನಲ್ಲಿ ಓಡುತ್ತಿದೆಯೋ ಇಲ್ಲವೋ ಗೊತ್ತಾಗದಷ್ಟು ನಯವಾಗಿದೆ. ಆದರೆ ಏರು ಸಿಕ್ಕಿದರೆ ಟಾಪ್ ಗೇರಿನಲ್ಲಿ ಎಳೆಯುವುದಿಲ್ಲ. ಹೈವೇಯಲ್ಲಿ ಓವರ್‌ಟೇಕ್ ಮಾಡಲು ಧೈರ್ಯ ಬರುವುದಿಲ್ಲ.

ವಿ8 ಕೂರಿಸು ಅಂತ ಹೇಳುವವರೇ ಜಾಸ್ತಿ. ನನಗೆ ಅದು ಬೇಡ. ಈ ಕಾರಿಗೆ ಈ ಎಂಜಿನ್ನೇ ಚೆಂದ. ಹಳೇ 3.8 ಲೀಟರ್ ವಿ6 ಕಾರಿನಿಂದ ಬಿಚ್ಚಿದ ಈಟನ್ ಎಂ90 ಸೂಪರ್‌ಚಾರ್ಜರ್ (ಬೆಲ್ಟ್‌ನಿಂದ ತಿರುಗಿ ಎಂಜಿನ್ ಒಳಗೆ ಗಾಳಿ ತಳ್ಳುವ ಬ್ಲೋವರ್) ಒಂದು ಸಿಕ್ಕಿದೆ. ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ.

ಇದು ಈ ಎಂಜಿನ್‌ಗೆ ಹೊಂದುತ್ತದಾ? ಎಷ್ಟು ಬೂಸ್ಟ್, ಅಂದರೆ ಹೆಚ್ಚುವರಿ ಗಾಳಿ ಒತ್ತಡ, ಕೊಡಬಹುದು? ಕಾರ್ಬುರೇಟರ್ ಬ್ಲೋವರ್‌ಗಿಂತ ಮುಂಚೆ ಬರಬೇಕಾ, ಆಮೇಲೆ ಬರಬೇಕಾ? ಅಥವಾ ಬೆಲ್ಟ್ ಬದಲು ಎಕ್ಸಾಸ್ಟ್ ಗಾಳಿಯಿಂದ ತಿರುಗುವ ಟರ್ಬೊ ಹಾಕುವುದೇ ಮೇಲಾ?

ಸೈಡ್‌ವಾಲ್ವ್:

ಎಂಜಿನ್ ಉಳಿಸಿಕೊಳ್ಳುತ್ತೇನೆ ಅಂದಿರಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ. ನನ್ನ ಡಾಡ್ಜ್ ಪಿಕಪ್‌ನಲ್ಲಿ ನಿಮ್ಮ ಎಂಜಿನ್‌ನ ಅಣ್ಣ 230 ಇದೆ. ಅದರ ಮೇಲೆ ಇದೇ ಎಂ90 ಕೂತಿದೆ. ದಿನಾ ಓಡುತ್ತದೆ.

ಮೊದಲು ಒಂದು ಮಾತು. ಇದು ಹುಚ್ಚು ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1936ರಲ್ಲೇ ಅಮೆರಿಕದ ಗ್ರಹಾಂ ಕಂಪನಿ ಆರು ಸಿಲಿಂಡರ್ ಫ್ಲಾಟ್‌ಹೆಡ್‌ಗೆ ಸೂಪರ್‌ಚಾರ್ಜರ್ ಹಾಕಿ ಶೋರೂಮಿನಲ್ಲಿ ಮಾರಿತ್ತು. ಆ ಎಂಜಿನ್ ಅಳತೆಯೂ 217.8 ಘನ ಇಂಚು, ಬೋರ್ (ಸಿಲಿಂಡರ್ ಅಗಲ) 3.25 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 4.375 ಇಂಚು, ಥೇಟ್ ನಿಮ್ಮದೇ! 1936ರಲ್ಲಿ 112 ಹಾರ್ಸ್‌ಪವರ್, 1940ರ ಹೊತ್ತಿಗೆ 120. ಆಮೇಲೆ 1954ರಲ್ಲಿ ಕೈಸರ್ ಕಂಪನಿ ತನ್ನ 226 ಫ್ಲಾಟ್‌ಹೆಡ್‌ಗೆ ಮೆಕಲಕ್ ಸೂಪರ್‌ಚಾರ್ಜರ್ ಹಾಕಿತು. 118 ಇದ್ದದ್ದು 140 ಆಯಿತು. ಈ ಲೆಕ್ಕ ನೆನಪಿಟ್ಟುಕೊಳ್ಳಿ. ನಿಮಗೂ ಸುಮಾರು ಇಷ್ಟೇ, ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು ಜಾಸ್ತಿ ಬರುತ್ತದೆ. ದುಪ್ಪಟ್ಟು ಆಗುತ್ತದೆ ಅಂದವರ ಮಾತಿಗೆ ಕಿವಿ ಕೊಡಬೇಡಿ. ಆದರೆ ಏರಿನಲ್ಲಿ ಎಳೆಯುವ ಶಕ್ತಿ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ. ನಿಮಗೆ ಬೇಕಾದದ್ದು ಅದೇ ಅಲ್ವಾ?

ಎಂ90 ಹೊಂದುತ್ತದೆ, ಚೆನ್ನಾಗಿಯೇ ಹೊಂದುತ್ತದೆ. ನಿಮ್ಮ ಎಂಜಿನ್ ಸುಮಾರು 3.6 ಲೀಟರ್. ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುವುದರಿಂದ ಒಂದು ಸುತ್ತಿಗೆ 1.8 ಲೀಟರ್ ಅಂತಾಯಿತು. ಫ್ಲಾಟ್‌ಹೆಡ್‌ನಲ್ಲಿ ಗಾಳಿ ಪೂರ್ತಿ ತುಂಬುವುದಿಲ್ಲ, ನಿಜವಾಗಿ ಒಳಗೆ ಹೋಗುವುದು 1.4 ಲೀಟರ್ ಆಸುಪಾಸು. ಎಂ90 ಒಂದು ಸುತ್ತಿಗೆ ಸುಮಾರು 1.5 ಲೀಟರ್ ತಳ್ಳುತ್ತದೆ. ಅಂದರೆ ಕ್ರ್ಯಾಂಕ್ ವೇಗದಲ್ಲೇ ಅದನ್ನು ತಿರುಗಿಸಿದರೆ ಬೂಸ್ಟ್ ಹೆಚ್ಚುಕಡಿಮೆ ಸೊನ್ನೆ. 1.4 ಪಟ್ಟು ತಿರುಗಿಸಿದರೆ, ಒಳಗೆ ಸೋರುವುದನ್ನು ಕಳೆದರೂ, 4ರಿಂದ 5 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಸಿಗುತ್ತದೆ. ಕ್ರ್ಯಾಂಕ್ ಪುಲ್ಲಿ 6 ಇಂಚಿದ್ದರೆ ಬ್ಲೋವರ್ ಪುಲ್ಲಿ 4.3 ಇಂಚು ಇರಲಿ. ಅದರ ಜೊತೆ ಬಂದಿರುವ ಪುಲ್ಲಿ ಇನ್ನೂ ಚಿಕ್ಕದಿರುತ್ತದೆ, ಅದನ್ನೇ ಹಾಕಿದರೆ ಬೂಸ್ಟ್ ಜಾಸ್ತಿಯಾಗುತ್ತದೆ. ನಿಮ್ಮ ಎಂಜಿನ್ 3600 ಆರ್‌ಪಿಎಂನಲ್ಲಿದ್ದಾಗ ಬ್ಲೋವರ್ 5000ದ ಹತ್ತಿರ ತಿರುಗುತ್ತದೆ. ಎಂ90ಗೆ ಅದು ಆರಾಮದ ವೇಗ.

5 ಪಿಎಸ್‌ಐ ಮೇಲೆ ಹೋಗಬೇಡಿ. ಯಾಕೆ ಅಂದರೆ, ಫ್ಲಾಟ್‌ಹೆಡ್‌ನಲ್ಲಿ ಹೆಡ್ ಬರೀ ಡಬ್ಬಿಯ ಮುಚ್ಚಳದ ಹಾಗೆ. ವಾಲ್ವ್‌ಗಳೆಲ್ಲ ಸಿಲಿಂಡರ್ ಪಕ್ಕದಲ್ಲಿ, ಬ್ಲಾಕ್ ಒಳಗೆ. ಹಾಗಾಗಿ ಕಿಡಿ ಹತ್ತಿದ ಬೆಂಕಿ ವಾಲ್ವ್ ಮೇಲಿಂದ ಪಿಸ್ಟನ್‌ನ ಆಚೆ ತುದಿವರೆಗೆ ದೂರ ಹೋಗಬೇಕು. ಅಲ್ಲಿ ತಲುಪುವ ಮೊದಲೇ ಆ ತುದಿಯ ಗಾಳಿ-ಪೆಟ್ರೋಲ್ ಬಿಸಿಗೆ ತಾನೇ ಹೊತ್ತಿಕೊಂಡರೆ ನಾಕಿಂಗ್. ಬೂಸ್ಟ್ ಹೆಚ್ಚಾದಷ್ಟೂ ಅದು ಹತ್ತಿರ ಬರುತ್ತದೆ. ಜೊತೆಗೆ ಹೆಡ್ ಗ್ಯಾಸ್ಕೆಟ್ ಅಗಲ ಜಾಸ್ತಿ. ಒತ್ತಡ ಅಷ್ಟೂ ಜಾಗದ ಮೇಲೆ ಬೀಳುತ್ತದೆ. ಬ್ಲೋವರ್ ಹಾಕುವವರು ಹೆಡ್ ಮಿಲ್ಲಿಂಗ್ ಮಾಡಿಸಿ (ತಳ ಕೆರೆಸಿ) ಕಂಪ್ರೆಷನ್ ಏರಿಸಬಾರದು. 7ಕ್ಕೆ 1 ಇರುವುದು ನಿಮ್ಮ ಅದೃಷ್ಟ.

ಈಗ ನಾನು ಹೇಳಲೇಬೇಕಾದ ವಿಷಯ. ಈ ಎಂಜಿನ್ನಿನಲ್ಲಿ ಬೂಸ್ಟ್ ಮಾಡುವುದು ಕಷ್ಟದ ಕೆಲಸ ಅಲ್ಲ, ಬಿಸಿ ಹೊರಗೆ ಹಾಕುವುದು ಕಷ್ಟದ ಕೆಲಸ. ಕ್ರೈಸ್ಲರ್‌ನವರ ಫ್ಲಾಟ್‌ಹೆಡ್ ಸಿಕ್ಸ್‌ಗಳಲ್ಲಿ ವಾಟರ್ ಪಂಪ್ ಹಿಂದೆ, ಬ್ಲಾಕಿನ ಉದ್ದಕ್ಕೂ ಒಂದು ತಗಡಿನ ಕೊಳವೆ ಇರುತ್ತದೆ. ಅದರ ತೂತುಗಳಿಂದ ತಣ್ಣನೆಯ ನೀರು ನೇರ ಎಕ್ಸಾಸ್ಟ್ ವಾಲ್ವ್ ಸೀಟುಗಳ (ವಾಲ್ವ್ ಕೂತು ಮುಚ್ಚುವ ಜಾಗ) ಕಡೆ ಬೀಳುತ್ತದೆ. ಎಪ್ಪತ್ತು ವರ್ಷ ದಾಟಿದ ಬ್ಲಾಕಿನಲ್ಲಿ ಅದು ತುಕ್ಕು ಹಿಡಿದು ಮುರಿದಿರುವುದೇ ಹೆಚ್ಚು. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಟೆಂಪರೇಚರ್ ಗೇಜ್ ಸರಿಯಾಗೇ ತೋರಿಸುತ್ತಿರುತ್ತದೆ, ಆದರೆ ಹಿಂದಿನ ಐದು, ಆರನೇ ಸಿಲಿಂಡರ್‌ಗಳ ಸೀಟುಗಳಿಗೆ ನೀರು ಹೋಗುತ್ತಿರುವುದಿಲ್ಲ. ನಿಮ್ಮ ಮೆಷಿನ್ ಶಾಪ್‌ನವರು ಅದನ್ನು ಬದಲಾಯಿಸಿದ್ದಾರಾ? ಮೊದಲು ಕೇಳಿ. ಬದಲಾಯಿಸಿಲ್ಲ ಅಂದರೆ ರೇಡಿಯೇಟರ್, ಪಂಪ್ ಬಿಚ್ಚಿ ಅದನ್ನು ಎಳೆದು ಹಿತ್ತಾಳೆಯದ್ದೋ ಸ್ಟೇನ್‌ಲೆಸ್‌ದೋ ಹಾಕಿ. ವಾಟರ್ ಜಾಕೆಟ್ ತಳದಲ್ಲಿ ಕೂತ ತುಕ್ಕಿನ ಕೆಸರನ್ನೂ ತೆಗೆಸಿ. ಇದನ್ನು ಮಾಡದೆ ಬ್ಲೋವರ್ ಹಾಕಿದರೆ ಸೀಟಿನಿಂದ ಬೋರ್ ಕಡೆ ಬ್ಲಾಕ್ ಸೀಳುತ್ತದೆ.

ಕಾರ್ಬುರೇಟರ್ ಬ್ಲೋವರ್‌ಗಿಂತ ಮುಂಚೆಯೇ ಇರಲಿ. ಗ್ರಹಾಂನವರೂ ಹಾಗೇ ಮಾಡಿದ್ದರು. ಆಗ ಕಾರ್ಬುರೇಟರ್‌ಗೆ ಬೂಸ್ಟ್ ಅಂದರೆ ಏನು ಅಂತ ಗೊತ್ತೇ ಆಗುವುದಿಲ್ಲ. ಫ್ಲೋಟ್ ಬೌಲ್ (ಕಾರ್ಬುರೇಟರ್‌ನ ಪೆಟ್ರೋಲ್ ಬಟ್ಟಲು) ಮುಚ್ಚಬೇಕಾಗಿಲ್ಲ, ಇರುವ ಮೆಕ್ಯಾನಿಕಲ್ ಪಂಪೇ ಸಾಕು. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪು ಕಾರ್ಬುರೇಟರ್‌ನಿಂದಲೇ ಹೋಗುವುದರಿಂದ ಅದಕ್ಕೂ ಒತ್ತಡ ತಗಲುವುದಿಲ್ಲ. ಎಂ90ಯ ಬೈಪಾಸ್ ವಾಲ್ವ್ ತೆಗೆಯಬೇಡಿ, ನಿಧಾನವಾಗಿ ಓಡಿಸುವಾಗ ಅದೇ ಬ್ಲೋವರ್ ಹೊರೆ ಇಳಿಸುತ್ತದೆ. ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಮೇಲೆ ಸ್ಪ್ರಿಂಗ್ ಇರುವ ಒಂದು ರಿಲೀಫ್ ವಾಲ್ವ್ ಬೇಕೇ ಬೇಕು. ಬ್ಲೋವರ್ ತುಂಬ ಪೆಟ್ರೋಲ್ ಆವಿ ಇರುವಾಗ ಬ್ಯಾಕ್‌ಫೈರ್ ಆದರೆ ಒತ್ತಡ ಅಲ್ಲಿಂದ ಹೊರಗೆ ಹೋಗಬೇಕು.

ಇನ್ನೊಂದು, ನಿಮ್ಮ ಇನ್‌ಟೇಕ್ ಮ್ಯಾನಿಫೋಲ್ಡ್ ಎಕ್ಸಾಸ್ಟ್ ಮೇಲೇ ಕೂತು ಅದರಿಂದ ಬಿಸಿ ಪಡೆಯುತ್ತದೆ. ಬ್ಲೋವರ್ ಗಾಳಿಯನ್ನು ಹೇಗೂ ಬಿಸಿ ಮಾಡುತ್ತದೆ, ಹಾಗಾಗಿ ಆ ದಾರಿ ಮುಚ್ಚಿಸಿ. ಇಗ್ನಿಷನ್ ಟೈಮಿಂಗ್ ಪ್ರತಿ ಪಿಎಸ್‌ಐಗೆ ಸುಮಾರು ಒಂದು ಡಿಗ್ರಿ ಹಿಂದೆ ತನ್ನಿ. ಕ್ರ್ಯಾಂಕ್, ಬೇರಿಂಗ್ ಬಗ್ಗೆ ಹೆದರಬೇಡಿ. ನಾಲ್ಕು ಮೇನ್ ಬೇರಿಂಗ್, ಪೂರ್ತಿ ಆಯಿಲ್ ಪ್ರೆಷರ್ ಇದೆ. ಸ್ಟ್ರೋಕ್ 111 ಮಿಲಿಮೀಟರ್, ಅದಕ್ಕೇ ಆರ್‌ಪಿಎಂ ಮಾತ್ರ ಏರಿಸಬೇಡಿ.

ಗಾಳಿಚಕ್ರ:

ಮೇಲಿನವರು ಹೇಳಿದ್ದರಲ್ಲಿ ನೀರಿನ ಕೊಳವೆ ವಿಷಯ ನೂರಕ್ಕೆ ನೂರು ಸರಿ. ಆದರೆ ನಾನಾಗಿದ್ದರೆ ಟರ್ಬೊ ಹಾಕುತ್ತಿದ್ದೆ. ಬ್ಲೋವರ್ ತಿರುಗಿಸಲು ಬೆಲ್ಟ್ ಬೇಕು. ಈ ಕಾರಿನ ಕ್ರ್ಯಾಂಕ್ ಪುಲ್ಲಿ ಹಳೇ ಕಾಲದ ವಿ-ಬೆಲ್ಟಿನದ್ದು, ಅದೇ ಫ್ಯಾನ್, ನೀರಿನ ಪಂಪ್, ಜನರೇಟರ್ ಎಲ್ಲ ತಿರುಗಿಸುತ್ತದೆ. ಅದರ ಮುಂದೆ ಪಟ್ಟಿ ಬೆಲ್ಟಿನ ಇನ್ನೊಂದು ಪುಲ್ಲಿ ಮಾಡಿಸಬೇಕು. ಅದು ಸರಿಯಾಗಿ ಸೆಂಟರ್ ಆಗದಿದ್ದರೆ ಬೆಲ್ಟ್ ಹಾರುತ್ತಲೇ ಇರುತ್ತದೆ. ರೇಡಿಯೇಟರ್‌ಗೂ ಫ್ಯಾನಿಗೂ ಮಧ್ಯೆ ಜಾಗವೂ ಕಡಿಮೆ. ಟರ್ಬೊಗೆ ಈ ತಲೆನೋವಿಲ್ಲ, ಎಕ್ಸಾಸ್ಟ್ ಎಲ್ಲ ಒಂದೇ ಪಕ್ಕಕ್ಕೆ ಬರುತ್ತದೆ. ಎರಡು ಲೀಟರ್ ಎಂಜಿನ್ನಿನ ಚಿಕ್ಕ ಟರ್ಬೊ ಹಾಕಿದರೆ ಕೆಳಗಿನ ಆರ್‌ಪಿಎಂನಿಂದಲೇ ಎಳೆಯುತ್ತದೆ.

ಟರ್ಬೊ ಹಾಕುವುದಾದರೆ ಕಾರ್ಬುರೇಟರ್ ಆಮೇಲೆ ಬರಲಿ. ಫ್ಲೋಟ್ ಬೌಲಿನ ಗಾಳಿ ತೂತಿಗೂ ಅದೇ ಬೂಸ್ಟ್ ಸಿಗಬೇಕು, ಇಲ್ಲದಿದ್ದರೆ ಪೆಟ್ರೋಲ್ ಹಿಂದಕ್ಕೆ ತಳ್ಳಿಹೋಗುತ್ತದೆ. ಟೊಳ್ಳು ಹಿತ್ತಾಳೆ ಫ್ಲೋಟ್ ಒತ್ತಡಕ್ಕೆ ಚಪ್ಪಟೆಯಾಗಬಹುದು, ಗಟ್ಟಿ ಫ್ಲೋಟ್ ಹಾಕಿ. ಪೆಟ್ರೋಲ್ ಪಂಪ್ ಒತ್ತಡ ಯಾವಾಗಲೂ ಬೂಸ್ಟ್‌ಗಿಂತ 4 ಪಿಎಸ್‌ಐ ಆದರೂ ಮೇಲಿರಬೇಕು. ಅದಕ್ಕೆ ಬೂಸ್ಟ್ ಪೈಪ್ ಜೋಡಿಸಿದ ರೆಗ್ಯುಲೇಟರ್ ಜೊತೆ ಎಲೆಕ್ಟ್ರಿಕ್ ಪಂಪ್ ಬೇಕು.

ಸೈಡ್‌ವಾಲ್ವ್:

ಬೆಲ್ಟ್ ವಿಷಯ ಒಪ್ಪುತ್ತೇನೆ. ಆರು ಪಟ್ಟಿಯ ಬೆಲ್ಟ್, ಒಂದು ಟೆನ್ಷನರ್, ಎರಡೂ ಪುಲ್ಲಿ ನೇರ ಒಂದೇ ಗೆರೆಯಲ್ಲಿ. ಇದರಲ್ಲಿ ಅವಸರ ಮಾಡಬಾರದು.

ಟರ್ಬೊ ಬಗ್ಗೆ ಮಾತ್ರ ನನ್ನ ಮನಸ್ಸು ಬೇರೆ. ಟರ್ಬೊ ಎಕ್ಸಾಸ್ಟ್‌ಗೆ ಅಡ್ಡ ನಿಲ್ಲುತ್ತದೆ, ಹಾಗಾಗಿ ಬಿಸಿ ಗಾಳಿ ವಾಲ್ವ್ ಹತ್ತಿರವೇ ತಡೆದು ನಿಲ್ಲುತ್ತದೆ. ಆ ವಾಲ್ವ್‌ಗಳು ಇರುವುದು ಬ್ಲಾಕ್ ಒಳಗೆ, ಬೋರ್‌ಗೆ ಅಂಟಿಕೊಂಡೇ. ಓವರ್‌ಹೆಡ್ ವಾಲ್ವ್ ಎಂಜಿನ್ನಿನಲ್ಲಿ ಆ ಬಿಸಿ ಹೆಡ್ಡಿಗೆ ಹೋಗುತ್ತದೆ, ಇಲ್ಲಿ ಬೋರ್ ಗೋಡೆಗೇ ಹೋಗುತ್ತದೆ. ಮೇಲಾಗಿ ಇನ್‌ಟೇಕ್ ಕೂಡ ಅದೇ ಪಕ್ಕದಲ್ಲಿ. ಕೆಂಪಗೆ ಕಾದ ಟರ್ಬೊ ಪಕ್ಕದಲ್ಲಿ ಕಾರ್ಬುರೇಟರ್ ಇಡುವುದು ನನಗೆ ಸರಿ ಕಾಣುವುದಿಲ್ಲ. ಹೀಟ್ ಶೀಲ್ಡ್ ಹಾಕಿ ಚೆನ್ನಾಗಿ ಓಡಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮೊದಲ ಸಲ ಮಾಡುವವರಿಗೆ ನಾನು ಬ್ಲೋವರ್ರೇ ಹೇಳುತ್ತೇನೆ.

ಹಾರ್ನೆಟ್_308:

ಬೂಸ್ಟ್ ಇಲ್ಲದೆಯೂ ದಾರಿ ಇದೆ ಅಂತ ನೆನಪಿಸುತ್ತೇನೆ. ಹಡ್ಸನ್ ಹಾರ್ನೆಟ್ ಕೂಡ ಫ್ಲಾಟ್‌ಹೆಡ್ ಸಿಕ್ಸೇ. 1952ರಲ್ಲಿ ಅಮೆರಿಕದ ನಾಸ್ಕಾರ್ ಕಾರ್ ರೇಸ್ ಸರಣಿಯ 34 ರೇಸ್‌ಗಳಲ್ಲಿ 27 ಗೆದ್ದದ್ದು ಬ್ಲೋವರ್ ಇಲ್ಲದೆ. ಎರಡು ಕಾರ್ಬುರೇಟರ್‌ನ ಟ್ವಿನ್-ಎಚ್ ಜೋಡಣೆ ಅದರ ಒಂದು ಗುಟ್ಟು. ಪ್ಲಿಮತ್‌ನಲ್ಲೂ ಎರಡೆರಡು ಸಿಲಿಂಡರ್‌ಗೆ ಒಂದೇ ಇನ್‌ಟೇಕ್ ಪೋರ್ಟ್. ಮಧ್ಯದಲ್ಲಿ ಒಂದೇ ಕಾರ್ಬುರೇಟರ್ ಇದ್ದರೆ ತುದಿಯ ಸಿಲಿಂಡರ್‌ಗಳಿಗೆ ಪೆಟ್ರೋಲ್ ಕಡಿಮೆ. ಎರಡು ಹಾಕಿ, ಎಕ್ಸಾಸ್ಟ್ ಎರಡಾಗಿ ಒಡೆದರೆ ಒಳ್ಳೆಯ ಬದಲಾವಣೆ ಕಾಣುತ್ತದೆ. ಬೂಸ್ಟ್‌ನಷ್ಟು ಅಲ್ಲ, ಆದರೆ ಬ್ಲಾಕ್‌ಗೆ ಅಪಾಯ ಕಡಿಮೆ.

ಬೂಸ್ಟ್ ಹಾಕಿದರೂ ತುದಿಯ ಸಿಲಿಂಡರ್ ಸಮಸ್ಯೆ ಹೋಗುವುದಿಲ್ಲ. ಹಾಗಾಗಿ ಬ್ಲೋವರ್‌ನಿಂದ ಗಾಳಿ ಮೂರೂ ಪೋರ್ಟ್‌ಗಳಿಗೆ ಸಮನಾಗಿ ಹೋಗುವ ಹಾಗೆ ಮ್ಯಾನಿಫೋಲ್ಡ್ ಮಾಡಿಸಿ. ಮಧ್ಯಕ್ಕೆ ಒಂದೇ ತೂತು ಬಿಟ್ಟರೆ ಪ್ರಯೋಜನ ಇಲ್ಲ.

ಪ್ಲಿಮತ್_49:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಷಿನ್ ಶಾಪ್‌ಗೆ ಫೋನ್ ಮಾಡಿದೆ. ನೀರಿನ ಕೊಳವೆ ಮುಟ್ಟಿಲ್ಲವಂತೆ. ಹಾಗಾಗಿ ಮೊದಲು ಅದೇ ಕೆಲಸ. ಬ್ಲೋವರ್, ಕಾರ್ಬುರೇಟರ್ ಮುಂಚೆ ಅಂತ ತೀರ್ಮಾನ ಮಾಡಿದೆ. ಒಂದೇ ಸಂಶಯ. ವಾಲ್ವ್‌ನಿಂದ ಬೋರ್ ಕಡೆ ಬ್ಲಾಕ್ ಮೇಲ್ಮೈಯನ್ನು ಸ್ವಲ್ಪ ಕೆರೆದು ಗಾಳಿಗೆ ದಾರಿ ಮಾಡಬೇಕು ಅಂತ ಒಬ್ಬರು ಹೇಳಿದರು. ಬೇಕಾ?

ಸೈಡ್‌ವಾಲ್ವ್:

ಬೇಡ. ರೇಸ್ ಎಂಜಿನ್‌ಗಳಲ್ಲಿ ಹಾಗೆ ಮಾಡುತ್ತಾರೆ, ಗಾಳಿ ಸರಾಗವಾಗುತ್ತದೆ, ಕಂಪ್ರೆಷನ್ನೂ ಸ್ವಲ್ಪ ಇಳಿಯುತ್ತದೆ. ಆದರೆ ಸೀಳು ಬಿಡುವುದು ಅದೇ ಜಾಗದಲ್ಲಿ. 4 ಪಿಎಸ್‌ಐಗೆ ಅಲ್ಲಿ ಕಬ್ಬಿಣ ತೆಳು ಮಾಡುವ ಅಗತ್ಯ ಇಲ್ಲ. ಕೊಳವೆಗಾಗಿ ಹೇಗೂ ಬಿಚ್ಚುತ್ತೀರಿ, ಹೆಡ್ಡನ್ನೂ ಎತ್ತಿ ಆರೂ ಎಕ್ಸಾಸ್ಟ್ ಸೀಟುಗಳ ಸುತ್ತ ಮ್ಯಾಗ್ನೆಟ್ ಮತ್ತು ಕಬ್ಬಿಣದ ಪುಡಿ ಹಾಕಿ ಸೀಳು ಪರೀಕ್ಷೆ ಮಾಡಿಸಿ. ಸೀಳು ಕಂಡರೆ ಬೂಸ್ಟ್ ಆಸೆ ಬಿಟ್ಟು ಬೇರೆ ಬ್ಲಾಕ್ ಹುಡುಕಿ. ಮತ್ತೆ ಕೂರಿಸುವಾಗ ಹೆಡ್ ಬೋಲ್ಟ್‌ಗಳ ಥ್ರೆಡ್‌ಗೆ ಸೀಲೆಂಟ್ ಹಚ್ಚಿ, ಅವು ನೀರಿನೊಳಗೇ ಇಳಿಯುತ್ತವೆ. ಬೂಸ್ಟ್ ಗೇಜ್ ಮತ್ತು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕದೆ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ. ಬೂಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ 12ಕ್ಕೆ 1ರ ಹತ್ತಿರ ಇರಬೇಕು, ಅದಕ್ಕಿಂತ ತೆಳುವಾದರೆ (ಪೆಟ್ರೋಲ್ ಕಡಿಮೆಯಾದರೆ) ಕಾರ್ಬುರೇಟರ್‌ಗೆ ದೊಡ್ಡ ಜೆಟ್ ಹಾಕಿ.