ಮೆಗಾ ಡ್ರೈವ್‌ಗೆ ಬೆಸುಗೆ ಬೇಕೇ, ಬರಿಯ ಕೇಬಲ್ ಸಾಕೇ?

ತುಂಗಾತೀರ:
ಅಟ್ಟ ಗುಡಿಸುವಾಗ ಸೋದರಮಾವನ ಸೆಗಾ ಮೆಗಾ ಡ್ರೈವ್ ಎಂಬ ಟಿವಿ ಗೇಮ್ ಯಂತ್ರ ಸಿಕ್ಕಿತು. ತೊಂಬತ್ತರ ದಶಕದಲ್ಲಿ ದುಬೈಯಿಂದ ತಂದದ್ದು. ಮೊದಲ ಮಾದರಿ, ದುಂಡನೆಯ ಉಬ್ಬಿನ ಮೇಲೆ 16-ಬಿಟ್ ಎಂದು ಬರೆದಿರುವುದು. ಇನ್ನೂ ಓಡುತ್ತಿದೆ! ಆದರೆ 43 ಇಂಚಿನ ಎಲ್‌ಇಡಿ ಟಿವಿಗೆ ಹಳದಿ ಪಿನ್ನಿನ ತಂತಿ ಚುಚ್ಚಿದರೆ, ಒದ್ದೆ ಬಟ್ಟೆಯ ಮೇಲೆ ಬಣ್ಣ ಹರಡಿದಂತೆ ಕಾಣುತ್ತದೆ. ಅಂಚುಗಳಲ್ಲಿ ಇರುವೆ ಸಾಲು ಹರಿದಾಡಿದಂತೆ ಚುಕ್ಕಿಗಳು. ನಮ್ಮೂರಿನ ರಿಪೇರಿಯವರೊಬ್ಬರು ಒಳಗೆ ಎಚ್‌ಡಿಎಂಐ ಬೋರ್ಡ್ ಬೆಸೆದು ಕೊಡುತ್ತೇನೆ, ಹಿಂಭಾಗದಲ್ಲಿ ಸ್ವಲ್ಪ ಕೊರೆಯಬೇಕಾಗುತ್ತದೆ ಎನ್ನುತ್ತಿದ್ದಾರೆ. ಕೊಡಲೇ?

ಬೆಸುಗೆಭಟ್ಟ:
ಕೊಡಬೇಡಿ. ಬೆಸುಗೆ ಹಾಕುವುದೇ ನನ್ನ ಹುಚ್ಚು, ಆದರೂ ಹೇಳುತ್ತೇನೆ, ಕೊಡಬೇಡಿ.

ಈ ಯಂತ್ರದ ವಿಡಿಯೋ ಚಿಪ್ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿಯೇ ತಯಾರಿಸುತ್ತದೆ. ಆಮೇಲೆ ಸೋನಿಯ ಸಿಎಕ್ಸ್‌ಎ1145 ಎಂಬ ಎನ್‌ಕೋಡರ್ ಚಿಪ್ ಮೂರನ್ನೂ ಕಲಸಿ, ಬೆಳಕಿನ ಸಂಕೇತದ ಮೇಲೆಯೇ ಬಣ್ಣವನ್ನು 4.43 ಮೆಗಾಹರ್ಟ್ಸ್ ಅಲೆಯಾಗಿ ಹೇರಿ ಹಳದಿ ಪಿನ್ನಿಗೆ ಕಳುಹಿಸುತ್ತದೆ. ಅದೇ ಕಾಂಪೊಸಿಟ್. ಟಿವಿ ಅದನ್ನು ಮತ್ತೆ ಬಿಡಿಸಬೇಕು. ಅನ್ನಕ್ಕೆ ಸಾರು ಕಲಸಿಯಾದ ಮೇಲೆ ಬಿಳಿ ಅನ್ನ ಬೇರೆ, ಸಾರು ಬೇರೆ ಮಾಡಿಕೊಡು ಎಂದರೆ ಆಗುತ್ತದೆಯೇ? ನಿಮ್ಮ ಇರುವೆ ಸಾಲು ಹುಟ್ಟುವುದು ಅಲ್ಲಿಯೇ.

ಆದರೆ ಕಲಸುವ ಮುಂಚಿನ ಮೂರು ಬಣ್ಣಗಳನ್ನೂ, ಅಂದರೆ ಆರ್‌ಜಿಬಿಯನ್ನು, ಸೆಗಾ ಕಂಪನಿ ಹಿಂದಿನ 8 ಪಿನ್ನಿನ ದುಂಡು ಸಾಕೆಟ್ಟಿಗೆ ತಂದಿಟ್ಟಿದೆ. ಪ್ರತಿ ಗೆರೆ ಎಲ್ಲಿ ಶುರುವೆಂದು ಟಿವಿಗೆ ಹೇಳುವ ಸಿಂಕ್ ಸಂಕೇತವೂ ಅಲ್ಲಿಯೇ ಇದೆ. ನೀವು ಈಗ ಬಳಸುತ್ತಿರುವ ತಂತಿ ಆ ಪಿನ್ನುಗಳನ್ನು ಮುಟ್ಟುತ್ತಲೇ ಇಲ್ಲ, ಅಷ್ಟೆ. ನಿಂಟೆಂಡೊದ ಎನ್‌ಇಎಸ್ ಆಗಿದ್ದರೆ ಮಾತು ಬೇರೆ. ಅದರ ಚಿತ್ರದ ಚಿಪ್ ನೇರವಾಗಿ ಕಾಂಪೊಸಿಟ್ಟನ್ನೇ ಹೊರಹಾಕುತ್ತದೆ. ಆರ್‌ಜಿಬಿ ಬೇಕೆಂದರೆ ಆ ಚಿಪ್ಪಿಗೇ ಕೈ ಹಾಕಬೇಕು. ನಿಮ್ಮದಕ್ಕೆ ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ.

ಹುಬ್ಬಳ್ಳಿ ಹಳೆಟಿವಿ:
ಭಟ್ಟರೇ, ಅರ್ಧ ಹೇಳಿ ಎದ್ದುಬಿಟ್ಟಿರಿ. ಆರ್‌ಜಿಬಿ ಹೊರಬರುತ್ತದೆ, ಸರಿ. ಅದನ್ನು ಯಾವ ಟಿವಿಯೊಳಗೆ ಹಾಕುವುದು? ನಮ್ಮ ದೇಶದ ಟಿವಿಗಳಲ್ಲಿ ಯುರೋಪಿನ ಸ್ಕಾರ್ಟ್ ಸಾಕೆಟ್ ಬಳಕೆಗೇ ಬರಲಿಲ್ಲ. ರಿಪೇರಿಯವರು ಎಚ್‌ಡಿಎಂಐ ಹೇಳಿದ್ದು ಸುಮ್ಮನೆ ಅಲ್ಲ, ಮನೆಯ ಟಿವಿಗೆ ಹೋಗುವುದು ಅದೊಂದೇ.

ರೈನ್ ದಂಡೆ:
ನಾನು ಜರ್ಮನಿಯ ಕಲೋನ್‌ನಲ್ಲಿದ್ದೇನೆ. ಇಲ್ಲಿ ಸ್ಕಾರ್ಟ್ ಎಂಬುದು 21 ಪಿನ್ನಿನ, ಅಂಗೈ ಅಗಲದ, ಅಲುಗಾಡಿದರೆ ಕಳಚಿಕೊಳ್ಳುವ ಒಂದು ಪ್ಲಗ್. ಫ್ರಾನ್ಸಿನವರು ಕಂಡುಹಿಡಿದದ್ದು. ನೋಡಲು ಕುರೂಪಿ, ಆದರೆ ಆರ್‌ಜಿಬಿ ಹೊತ್ತು ತರುತ್ತದೆ. ಹಳೆಯ ಸಾಮಾನಿನ ಸಂತೆಗಳಲ್ಲಿ ಮೆಗಾ ಡ್ರೈವ್‌ನ ಸ್ಕಾರ್ಟ್ ಕೇಬಲ್ ಈಗಲೂ ಸಿಗುತ್ತದೆ. ಊರಿಗೆ ಬರುವಾಗ ಒಂದು ತಂದುಕೊಡಬಲ್ಲೆ. ಕೊಳ್ಳುವಾಗ ಒಂದನ್ನು ನೋಡಬೇಕು: ಮೂರು ಬಣ್ಣದ ತಂತಿಗಳಲ್ಲೂ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಬೇಕು. ಈ ಯಂತ್ರ ಅವನ್ನು ತನ್ನೊಳಗೆ ಇಟ್ಟುಕೊಂಡಿಲ್ಲ, ಕೇಬಲ್ ಮಾಡುವವರ ತಲೆಗೆ ಕಟ್ಟಿದೆ. ಅಗ್ಗದ ಕೇಬಲ್ಲಿನಲ್ಲಿ ಕೈಬಿಡುವುದು ಮೊದಲು ಅದನ್ನೇ.

ಬೆಸುಗೆಭಟ್ಟ:
ಹಳೆಟಿವಿಯವರೇ, ಏಳಲಿಲ್ಲ, ಎಲೆ ಹಾಕಿ ಕುಳಿತೇ ಇದ್ದೇನೆ. ನಡುವೆ ಒಂದು ಪರಿವರ್ತಕ ಬೇಕು. ಆನ್‌ಲೈನಿನಲ್ಲಿ ಸಿಗುವ ಹಳದಿ-ಕೆಂಪು-ಬಿಳಿ ರಂಧ್ರದ ಅಗ್ಗದ ಡಬ್ಬಿಯಲ್ಲ. ಅದು ಕಲಸಿದ ಅನ್ನವನ್ನೇ ದೊಡ್ಡ ತಟ್ಟೆಗೆ ಹಾಕಿ ಕೊಡುತ್ತದೆ. ಅದರ ಇನ್ನೊಂದು ಪಾಪವನ್ನೂ ಹೇಳಬೇಕು. ಮೆಗಾ ಡ್ರೈವ್ ಕಳುಹಿಸುವುದು ಅಡ್ಡಡ್ಡ 224 ಗೆರೆಗಳ ಇಡೀ ಚಿತ್ರ, ಪ್ರತಿ ಸಲವೂ. ಈ ಡಬ್ಬಿಗಳು, ಬಹುಪಾಲು ಹೊಸ ಟಿವಿಗಳು ಕೂಡ, ಅದನ್ನು ಟಿವಿ ಪ್ರಸಾರದ ಅರ್ಧ ಚಿತ್ರವೆಂದು ಭ್ರಮಿಸಿ ಎರಡೆರಡನ್ನು ಹೆಣೆಯುತ್ತವೆ. ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ಮಿನುಗುವ ನೆರಳುಗಳು ಒಮ್ಮೊಮ್ಮೆ ಪೂರ್ತಿ ಮಾಯವಾಗುವುದು ಹೀಗೆ.

ಬೇಕಾದದ್ದು ಓಎಸ್‌ಎಸ್‌ಸಿ ಅಥವಾ ರೆಟ್ರೋಟಿಂಕ್‌ನಂಥದ್ದು. ಗೆರೆಗಳನ್ನು ಇದ್ದಂತೆಯೇ ಇಮ್ಮಡಿ, ಮುಮ್ಮಡಿ ಮಾಡಿ ಎಚ್‌ಡಿಎಂಐಗೆ ಕೊಡುತ್ತವೆ, ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಜಿಗಿದದ್ದಕ್ಕೂ ನಡುವೆ ಎಳೆದಾಟವಿಲ್ಲ. ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳುತ್ತೀರಿ, ಆದ್ದರಿಂದ ಬಡವರ ದಾರಿ: ಜಿಬಿಎಸ್-8200 ಎಂಬ ಚೀನಾದ ಪರಿವರ್ತಕ ಬೋರ್ಡ್, ಅದನ್ನು ಆಡಿಸಲು ವೈ-ಫೈ ಇರುವ ಪುಟ್ಟ ಚಿಪ್ ಒಂದು, ಇಎಸ್‌ಪಿ8266, ಅದರೊಳಗೆ ಜಿಬಿಎಸ್-ಕಂಟ್ರೋಲ್ ತಂತ್ರಾಂಶ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಎಸ್‌ಪಿ ಕೇಳಿದರೆ ಮುಖ ನೋಡದೆ ಕೊಡುತ್ತಾರೆ. ಬೆಸುಗೆಯ ಚಪಲ ಇದ್ದರೆ ಆ ಬೋರ್ಡಿನ ಮೇಲೆ ತೀರಿಸಿಕೊಳ್ಳಿ. ಸುಟ್ಟರೆ ಸುಡಲಿ, ಮಾವನ ಯಂತ್ರವಲ್ಲವಲ್ಲ.

ಓದುಗಿತ್ತಿ:
ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರ್, ಹಾಕಿಕೊಂಡರೆ ಇದಾವುದೂ ಬೇಡ. ಹಳೆಯ ಟಿವಿಯ ಗೆರೆಗಳನ್ನು ಅನುಕರಿಸುವ ಫಿಲ್ಟರ್ ಕೂಡ ಸಿಗುತ್ತದೆ. ಇಷ್ಟು ತಂತಿ ಏಕೆ?

ತುಂಗಾತೀರ:
ಎಮ್ಯುಲೇಟರ್ ಇದೆ, ಆಡಿದ್ದೇನೆ ಕೂಡ. ಆದರೆ ಅಟ್ಟದಲ್ಲಿ ಸಿಕ್ಕಿದ್ದು ಇದು.

ಹುಬ್ಬಳ್ಳಿ ಹಳೆಟಿವಿ:
ನನ್ನದು ಮೂರನೆಯ ದಾರಿ. ಗುಜರಿಯಲ್ಲಿ ತೂಕಕ್ಕೆ ಹಾಕಿದ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ, 2000ದ ನಂತರದ ಚಪ್ಪಟೆ ಗಾಜಿನ ಕೆಲವಕ್ಕೆ ಹಸಿರು-ನೀಲಿ-ಕೆಂಪು ಕಾಂಪೊನೆಂಟ್ ರಂಧ್ರಗಳಿರುತ್ತವೆ. ಬಣ್ಣ ಅವೇ ಆದರೂ ಅದು ಆರ್‌ಜಿಬಿ ಅಲ್ಲ, ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ತಂತಿಯಲ್ಲಿ ಒಯ್ಯುವ ಇನ್ನೊಂದು ಪದ್ಧತಿ. ಆರ್‌ಜಿಬಿಯಿಂದ ಕಾಂಪೊನೆಂಟ್‌ಗೆ ಬದಲಿಸುವ ಪುಟ್ಟ ಪೆಟ್ಟಿಗೆ ಇಟ್ಟರೆ ಮುಗಿಯಿತು. ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಆ ರಂಧ್ರಗಳಿಲ್ಲದ ಟಿವಿಯಲ್ಲೂ ಚಾನೆಲ್ ಸಂಖ್ಯೆ ತೋರಿಸುವ ಚಿಪ್ ಆರ್‌ಜಿಬಿ ಕಳುಹಿಸುವ ದಾರಿಯೊಂದು ಇರುತ್ತದೆ. ಅದಕ್ಕೆ ನಮ್ಮ ಸಂಕೇತವನ್ನು ಕೂಡಿಸಬಹುದು.

ಬೆಸುಗೆಭಟ್ಟ:
ಕೊನೆಯ ಎರಡು ವಾಕ್ಯಗಳನ್ನು ಹೊಸಬರು ಓದದಿರಲಿ. ಆ ಟ್ಯೂಬಿನ ಆನೋಡಿನಲ್ಲಿ 20,000 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಒಮ್ಮೆ ನನ್ನನ್ನು ಗೋಡೆಗೆ ಒಗೆದಿದೆ. ತಪ್ಪು ನನ್ನದೇ, ಡಿಸ್ಚಾರ್ಜ್ ಮಾಡಿದ್ದೇನೆ ಎಂದುಕೊಂಡಿದ್ದೆ.

ಜಲಪಾತದವನು:
ಎಲ್ಲರೂ ಆರ್‌ಜಿಬಿಯನ್ನು ದೇವರ ಕೋಣೆಯಲ್ಲಿ ಕೂರಿಸಿದ್ದೀರಿ. ನನ್ನ ತಕರಾರು ಇದೆ. 1991ರ ಮೊದಲ ಸೋನಿಕ್ ಆಟದಲ್ಲಿ, ಹಸಿರು ಗುಡ್ಡಗಳ ಆರಂಭದ ಹಂತದಲ್ಲಿಯೇ ಜಲಪಾತಗಳಿವೆ. ಮೆಗಾ ಡ್ರೈವ್‌ಗೆ ನಿಜವಾದ ಪಾರದರ್ಶಕತೆ ಬಾರದು. ಏಕಕಾಲಕ್ಕೆ ಪರದೆಯ ಮೇಲೆ 64 ಬಣ್ಣಗಳಷ್ಟೇ. ಆದ್ದರಿಂದ ಕಲಾವಿದರು ಲಂಬ ಗೀಟುಗಳನ್ನು ಎಳೆದರು: ಒಂದು ಗೀಟು ನೀರು, ಒಂದು ಗೀಟು ಖಾಲಿ. ಕಾಂಪೊಸಿಟ್‌ನ ಕಲಸಾಟದಲ್ಲಿ ಅವು ಬೆರೆತು, ಹಿಂದಿನ ಬಂಡೆ ನೀರಿನೊಳಗಿಂದ ಕಂಡಂತೆ ಆಗುತ್ತಿತ್ತು. ಆರ್‌ಜಿಬಿ ಹಾಕಿ ನೋಡಿ, ಜಲಪಾತದ ಬದಲು ಕಿಟಕಿಯ ಸರಳು. ಇದನ್ನು ಉತ್ತಮ ಎನ್ನುತ್ತೀರಾ?

ರೈನ್ ದಂಡೆ:
ನನ್ನ ಜರ್ಮನ್ ಸಹೋದ್ಯೋಗಿ ಚಿಕ್ಕಂದಿನಲ್ಲಿ ಸ್ಕಾರ್ಟ್‌ನಲ್ಲಿಯೇ ಆಡಿದವನು. ಆ ಗೀಟುಗಳನ್ನು ಅವನು ಮಳೆ ಎಂದೇ ನಂಬಿದ್ದನಂತೆ. ಅವನಿಗೆ ಅದೇ ಅಸಲು.

ಬೆಸುಗೆಭಟ್ಟ:
ಜಲಪಾತದ ಮಾತು ನಿಜ, ಒಪ್ಪುತ್ತೇನೆ. ಆದರೆ ನಾಲ್ಕು ಗೀಟುಗಳಿಗಾಗಿ ಇಡೀ ಆಟದ ಅಕ್ಷರ, ಅಂಚು, ಉಂಗುರಗಳನ್ನೆಲ್ಲ ಮಸುಕು ಮಾಡಿಕೊಳ್ಳುವುದೇ? ಅದೇ ಕಾಂಪೊಸಿಟ್ ಆ ನೀರಿನ ಮೇಲೆ ಕಾಮನಬಿಲ್ಲಿನ ಪಟ್ಟೆಯನ್ನೂ ಬಳಿಯುತ್ತದೆ, ಅದನ್ನು ಯಾವ ಕಲಾವಿದ ಬಯಸಿದ್ದ?

ಇನ್ನು, ಬಿಚ್ಚಲೇಬೇಕು ಎನಿಸಿದರೆ ಬಿಚ್ಚಬೇಕಾದ ಕಾರಣ ಬೇರೆ. ದುಬೈಯದು ಪಾಲ್ (PAL) ಎಂಬ ಟಿವಿ ಪದ್ಧತಿಯ ಯಂತ್ರ, 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಚಿತ್ರ. ಸೋನಿಕ್ ಮೊದಲ ಆಟವನ್ನು ಅದಕ್ಕೆ ಹೊಂದಿಸದೆಯೇ ಮಾರಿದರು, 60ರ ವೇಗದ ಆಟ 50ರಲ್ಲಿ ಓಡುತ್ತದೆ. ಆರರಲ್ಲಿ ಒಂದು ಪಾಲು ನಿಧಾನ, ಸಂಗೀತವೂ ಸೇರಿ. ಬೋರ್ಡಿನಲ್ಲಿ ಆ ವೇಗ ಗೊತ್ತುಮಾಡುವ ಜಂಪರ್ ಎಂಬ ಕೊಂಡಿ ಕತ್ತರಿಸಿ ಒಂದು ಸ್ವಿಚ್ ಹಾಕಿದರೆ 60. ಆಗ ಕಾಂಪೊಸಿಟ್‌ನಲ್ಲಿ ಬಣ್ಣ ಹೋಗಿ ಕಪ್ಪು-ಬಿಳುಪು ಆಗುವ ಸಂಭವ ಇದೆ, ಆರ್‌ಜಿಬಿಗೆ ಆ ತಾಪತ್ರಯವಿಲ್ಲ. ಮತ್ತೆ ಅಡಾಪ್ಟರ್ ಜೋಪಾನ. ಮೊದಲ ಮಾದರಿಗೆ ಪಿನ್ನಿನ ನಡುಭಾಗ ಮೈನಸ್, ಎರಡನೆಯ ಮಾದರಿಗೆ ಪ್ಲಸ್. ಸ್ಟೀರಿಯೋ ಧ್ವನಿ ಮುಂದಿನ ಹೆಡ್‌ಫೋನ್ ರಂಧ್ರದಿಂದ ಮಾತ್ರ.

ತುಂಗಾತೀರ:
ತಿಂಗಳ ಮೇಲೆ ಬರೆಯುತ್ತಿದ್ದೇನೆ. ರಿಪೇರಿಯವರಿಗೆ ಬೇಡ ಎಂದೆ. ಕಲೋನ್‌ನವರ ಕೇಬಲ್ ಬಂತು, ಕೆಪಾಸಿಟರ್ ಮೂರೂ ಇದ್ದವು. ಜಿಬಿಎಸ್ ಬೋರ್ಡಿಗೆ ಇಎಸ್‌ಪಿ ಬೆಸೆಯುವಾಗ ಒಂದು ಪ್ಯಾಡ್ ಕಿತ್ತುಬಂತು, ತಂತಿ ಎಳೆದು ಸರಿ ಮಾಡಿದೆ. ಚಿತ್ರ ಬಂದಾಗ ಕನ್ನಡಕ ಬದಲಿಸಿದಂತೆ ಇತ್ತು. ಉಂಗುರಗಳ ಒಳಗಿನ ಹೊಳಪು ಕೂಡ ಎಣಿಸಬಹುದು. ಆಕಾಶದಲ್ಲಿ ಮಾತ್ರ ನೆಟ್ಟನೆಯ ಮಸುಕು ಕಂಬಿಗಳಿವೆ, ಇವು ಏನು?

ಭಾನುವಾರ ಮಾವನನ್ನು ಕರೆದು ಕೂರಿಸಿದೆ. ಒಂದು ಹಂತ ಮುಗಿಸಿ, ನಿಯಂತ್ರಕ ಕೆಳಗಿಟ್ಟು ಹೇಳಿದರು: "ಎಲ್ಲ ಚೆನ್ನಾಗಿದೆ. ಆ ನೀರಿಗೆ ಏನು ಮಾಡಿದೆಯೋ?"

ಜಲಪಾತದವನು:
ಮಾವನಿಗೆ ನನ್ನ ನಮಸ್ಕಾರ ತಿಳಿಸಿ.

ಬೆಸುಗೆಭಟ್ಟ:
ಆಕಾಶದ ಕಂಬಿಗಳು ಮೊದಲ ಮಾದರಿಯ ಹುಟ್ಟುಗುಣ, ಬೋರ್ಡಿನ ಡಿಜಿಟಲ್ ಗದ್ದಲ ವಿಡಿಯೋ ದಾರಿಗೆ ಸೋರುವುದರಿಂದ ಆಗುವುದು. ಎನ್‌ಕೋಡರನ್ನು ಬಳಸುದಾರಿಯಲ್ಲಿ ದಾಟಿಸುವ ಬೈಪಾಸ್ ಬೋರ್ಡ್ ಹಾಕಿದರೆ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ಯಂತ್ರ ಬಿಚ್ಚಬೇಕು. ಮಾವನ ಹಳದಿ ತಂತಿಯನ್ನು ಎಸೆಯಬೇಡಿ.